ಎಲೀಷಣ್ಣನ ಪ್ಯಾಡು

ಇದ ಕಡೀ ವರ್ಷ ಅಂದಾನ ಎಲೀಷಣ್ಣ.
ಹೋದ ವರ್ಷನೂ ಅಂದಿದ್ದ.
ಅದರ ಹಿಂದಿನ ವರ್ಷ ಅಂದಿರಲಿಲ್ಲ,
ಆವಾಗ ಕೇಳೋ ಧೈರ್ಯ ಯಾರಿಗೂ ಇರಲಿಲ್ಲ.

ಬೆಳಿಗ್ಗೆ ಐದೂವರಿ. ಬೆಟಗೇರಿ ಮೈದಾನದ ಗರಸು ಮಣ್ಣಿಗೆ
ಯಾರೋ ಎರಡು ಕೊಡ ನೀರು ಚಿಮುಕಿಸ್ಯಾರ.
ಗ್ವಾಡಿ ಆಚಿ ಮಗ್ಗ ಒಂದು ಆಗಲೇ ಎದ್ದೈತಿ,
ಅದರ ತಾಳಕ್ಕ ಅಂವ ಮೊಣಕಾಲು ಮಡಚ್ತಾನ, ಬಿಡಸ್ತಾನ.
ಮಗ್ಗದ ಸಪ್ಪಳ ಯಾವುದು, ಮೊಣಕಾಲಿನ ಸಪ್ಪಳ ಯಾವುದು,
ಹತ್ತು ಮಾರು ದೂರದಾಗ ನಿಂತ ನನಗ
ಗುರುತು ಸಿಗೂದಿಲ್ಲ.

ನಲವತ್ತೆರಡು ಅವಂಗ. ಸರ್ವಿಸ್ ಬುಕ್ಕಿನ್ಯಾಗ ನಲವತ್ತು.
ಸಾಲಿಗೆ ಹಚ್ಚೋ ಮುಂದ ಅವರಪ್ಪ
ಬೆರಳು ಎಣಿಸಿ ವಯಸ್ಸು ಹೇಳಿದ್ದಂತ,
ಎರಡು ಬೆರಳು ಮಡಚಿಕೊಂಡಿದ್ದಂತ.
ಆ ಎರಡು ಬೆರಳಿನ ಮ್ಯಾಲ
ಅಂವ ಇನ್ನೂ ಆಡಾಕತ್ತಾನ.

ನಾನು ವಾಮನಸಾ. ಎರಡನೇ ಗೋಲ್‌ಕೀಪರು.
ಹನ್ನೊಂದು ವರ್ಷ.
ಗದಗಿನಿಂದ ಹುಬ್ಬಳ್ಳಿಗೆ ಇಬ್ಬರದೂ ಒಂದ ಪ್ಯಾಸೆಂಜರು,
ವರ್ಕ್‌ಶಾಪಿನ್ಯಾಗ ಹಾಜರಿ, ಮಧ್ಯಾಹ್ನ ರೈಲ್ವೆ ಟೀಮಿನ ಪ್ರ್ಯಾಕ್ಟೀಸು.
ಹುಲಕೋಟಿ ಬರೋದ್ರಾಗ ಅಂವಗ ನಿದ್ದಿ,
ಅವನ ಕಾಲು ನನ್ನ ಸೀಟಿನ ಮ್ಯಾಲ.
ರಕ್ತ ಇಳೀಬೇಕಂತ, ಡಾಕ್ಟರು ಹೇಳ್ಯಾರ.
ಅಣ್ಣಿಗೇರಿ ದಾಟೂತನ ನಾನು ಆ ಕಾಲು ಕಾಯ್ತೀನಿ.
ಮನಷ್ಯಾ ಅಂದಮ್ಯಾಲ ಕೆಟ್ಟ ವಿಚಾರ ಬರತಾವ:
ಒಮ್ಮೆ ಬ್ರೇಕು ಜೋರಾಗಿ ಬಿದ್ದರ,
ಮ್ಯಾಲಿನ ಟ್ರಂಕು ಜಾರಿದರ...
ಜಾರಿತ್ತು ಒಮ್ಮೆ. ನಾನ ಕೈ ಅಡ್ಡ ಹಿಡಿದೆ.
ಯಾರೂ ನೋಡಲಿಲ್ಲ.
ಆ ವರ್ಷ ನಾ ತಡದಿದ್ದು ಅದೊಂದ.

ಹೊಸ ಕೋಚು ಇಪ್ಪತ್ತೊಂಬತ್ತರ ಹುಡುಗ.
ಲ್ಯಾಪ್‌ಟಾಪ್ ತೆಗೆದು, ಚೆಂಡು ಹೊಂಟದ್ದು ಯಾವಾಗ,
ಎಲೀಷಣ್ಣ ಎದ್ದದ್ದು ಯಾವಾಗ, ತೋರಿಸಿದ.
ಇಂವ ನೋಡಿ ನಕ್ಕ.
"ನಾ ಚೆಂಡು ನೋಡೂದು ಬಿಟ್ಟು ನಾಕು ವರ್ಷಾತ್ರಿ ಸರ್.
ಹೊಡಿಯವನ ಭುಜ ನೋಡ್ತೀನಿ.
ಭುಜ ಸುಳ್ಳು ಹೇಳೂದಿಲ್ಲ."

ಆ ಸಂಜೀನ ಒಂದು ಸುಳ್ಳು ಹೇಳೋ ಭುಜ ಬಂತು.
ಹತ್ತೊಂಬತ್ತರ ಪೋರ, ಮೀಸಿ ಸೈತ ಇಲ್ಲ,
ಬಲಕ್ಕ ತೋರಿಸಿ ಎಡಕ್ಕ ತಳ್ಳಿದ.
ಹಲಗಿಗೆ ಚೆಂಡು ಬಡಿದು
ಮೈದಾನ ಎಲ್ಲಾ ಸುಮ್ಮನಾತು,
ಹಿರೇರ ಮುಂದ ಗ್ಲಾಸು ಒಡೆದಾಗ ಸುಮ್ಮನಾಗ್ತಾರಲ್ಲ, ಹಂಗ.

"ಬಿಡಸ್ರಿ ಅಕ್ಕಾರ ಇನ್ನ," ಅಂದೆ ಒಂದಿನ
ಮಾರ್ಥಕ್ಕಗ, ಅವರ ಮನಿ ಕಟ್ಟಿ ಮ್ಯಾಲ ಕುಂತು.
ಮೆಣಸಿನಕಾಯಿ ತೊಟ್ಟು ಮುರಕೋತ ಅಂದ್ಲು:
"ಬಿಟ್ಟು ಏನ ಮಾಡ್ಯಾನು?
ಬಾಗಲದಾಗ ಕೈ ಅಗಲಿಸಿ ನಿಂತು
ನಮ್ಮನ್ನ ಒಳಗ ಬಿಡಂಗಿಲ್ಲ."

ಮೊನ್ನೆ ಹುಬ್ಬಳ್ಳ್ಯಾಗ, ಕಡೀ ಕ್ವಾರ್ಟರಿಗೆ ಮುಂಚೆ,
ಯಾರೂ ಹೇಳಲಿಲ್ಲ, ಕೋಚೂ ಹೇಳಲಿಲ್ಲ,
ಅಂವ ಬಂದು ನನ್ನ ಬಾಜೂಕ ಕುಂತ.
ಪಟ್ಟಿ ಬಿಚ್ಚಿದ. ಒಂದು. ಎರಡು.
ನನ್ನ ಪ್ಯಾಡು ನನ್ನ ಕಾಲಿನ್ಯಾಗ ಇದ್ದವು,
ಹನ್ನೊಂದು ವರ್ಷದ ಹೊಸಾವು.
"ಅವನ್ನ ತಗೀ ವಾಮ್ಯಾ. ಇವನ್ನ ಕಟ್ಟು.
ಇವಕ್ಕ ಗೊತ್ತೈತಿ."

ಕಟ್ಟಿಕೊಂಡೆ. ಒಳಗ ಬೆವರು ಇನ್ನೂ ಬೆಚ್ಚಗಿತ್ತು.
ಸ್ಪಂಜಿನ್ಯಾಗ ಅವನ ಮೊಣಕಾಲಿನ ತಗ್ಗು,
ನನ್ನ ಮೊಣಕಾಲು ಅದರಾಗ ಕುಂದ್ರಲಿಲ್ಲ,
ಒಂದು ಬೆರಳು ಕೆಳಗ ಬಂತು.
ಓಡಿದೆ. ಎಡಗಾಲು ಕಟಕ್ ಅಂತು.
ಆವಾಗ ನೆನಪಾತು ನನಗೂ ಮೂವತ್ತಾರು ಅಂತ.
ಕಾಯೋದ್ರಾಗ ಸವೀತಾವಲ್ಲ,
ಆ ಕೀಲುಗಳ ಲೆಕ್ಕ ಯಾವ ಲ್ಯಾಪ್‌ಟಾಪಿನ್ಯಾಗೂ ಇಲ್ಲ.

ಹದಿನೈದು ನಿಮಿಷ. ಒಂದು ಚೆಂಡೂ ಬರಲಿಲ್ಲ.
ನಮ್ಮವರು ಆ ಕಡೆನ ಆಡಿದರು,
ನಾನು ಈ ಕಡೆ ಗೋಣು ಚಾಚಿ
ಬಾರದ ಚೆಂಡಿಗೆ ಎಡಕ್ಕ, ಬಲಕ್ಕ ಸರಕೋತ ಇದ್ದೆ.
ಬೆಂಚಿನಿಂದ ಅಂವ ಒದರ್ತಿದ್ದ: "ಭುಜ ನೋಡೊ, ಭುಜ!"
ಯಾರ ಭುಜ?

ಪ್ಯಾಡು ರಾತ್ರಿ ನನ್ನ ಮನ್ಯಾಗ ಉಳಿದವು.
ಹೆಂಡತಿ ಮೂಗು ಮುಚ್ಚಿಕೊಂಡು ಮಾಳಿಗಿ ಮ್ಯಾಲ ಇಟ್ಲು.
ನಾನು ಎರಡು ಸಲ ಹತ್ತಿ ನೋಡಿ ಬಂದೆ.
ಬೆಳದಿಂಗಳಾಗ ನಿಂತಿದ್ದವು,
ಕಾಲು ಮಾತ್ರ ಬಿಟ್ಟು ಹೋದ ಮನಷ್ಯಾನಂಗ.

ಇವತ್ತ ಐದೂವರಿ. ಮಗ್ಗ ಎದ್ದೈತಿ.
ಅಂವ ಬಂದಾನ, ಚಡ್ಡಿ ಮ್ಯಾಲ, ಬರಿಗಾಲು,
ಮೊಣಕಾಲಿಗೆ ಎಳ್ಳೆಣ್ಣಿ ಹಚ್ಚಿ ಮಿಂಚಾಕತ್ತಾನ.
"ತಂದೀಯೇನು?"
ತಂದೀನಿ, ಅಂದೆ.
ಚೀಲದ ಗಂಟು ಬಿಚ್ಚೋದು ಮಾತ್ರ
ಸ್ವಲ್ಪ ತಡಾ ಮಾಡಿದೆ.